ಏಳು ವರ್ಷ, ಒಂದು ಫಿಟ್ಟಿಂಗ್ ಪ್ರೋಗ್ರಾಂ, ಒಂದು ಕಬ್ಬಿಣದ ಗೆರೆ

ಪ್ರೋಗ್ರಾಂ ಹೆಸರು ಬೇಡ, ಬೈಯುವುದಿದೆ. ಸಕ್ರಿಯ ಗ್ಯಾಲಕ್ಸಿಗಳ (ನಡುವಿನ ಕಪ್ಪುಕುಳಿ ಅನಿಲ ನುಂಗುತ್ತಿರುವಂಥವು) ಎಕ್ಸ್-ರೇ ಸ್ಪೆಕ್ಟ್ರಂ ಫಿಟ್ ಮಾಡಲು ಏಳು ವರ್ಷದಿಂದ ಬಳಸುತ್ತಿದ್ದೇನೆ. ಸ್ಪೆಕ್ಟ್ರಂ ಅಂದರೆ ಯಾವ ಶಕ್ತಿಯ ಬೆಳಕು ಎಷ್ಟು ಬಂತು ಅನ್ನೋ ಲೆಕ್ಕ; ಫಿಟ್ ಅಂದರೆ ಮಾಡೆಲ್ ಎಂಬ ಗಣಿತ ಸೂತ್ರವನ್ನು ಅದಕ್ಕೆ ಹೊಂದಿಸುವುದು. ಉಚಿತ, ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ನನಗೆ ಅಷ್ಟು ಸಾಕು. ಯಾವ ಮಾಡೆಲ್‌ಗಳಿವೆ ಅನ್ನೋದೆಲ್ಲ ಕೈಪಿಡಿಯಲ್ಲಿದೆ.

ಬೆಳಿಗ್ಗೆ ಎದ್ದು ಮೊದಲು ಒಂದು ಗ್ಯಾಲಕ್ಸಿಯ ಫೈಲ್ ಹಾಕುತ್ತೇನೆ. 3 ಕೆಇವಿಗಿಂತ (ಎಕ್ಸ್-ರೇ ಶಕ್ತಿಯ ಅಳತೆ, ಸಾವಿರ ಇವಿಗೆ ಒಂದು ಕೆಇವಿ) ಕೆಳಗಿನದು, 10ಕ್ಕಿಂತ ಮೇಲಿನದು ಬೇಡ ಅನ್ನುತ್ತೇನೆ. ಬರೀ ಪವರ್ ಲಾ (ಶಕ್ತಿ ಏರಿದಂತೆ ನಯವಾಗಿ ಇಳಿಯುವ ಮಾಡೆಲ್) ಹಾಕಿ ಫಿಟ್ ಮಾಡಿ, ಡೇಟಾವನ್ನು ಮಾಡೆಲ್‌ನಿಂದ ಭಾಗಿಸಿದ ಚಿತ್ರ ನೋಡುತ್ತೇನೆ. ಚುಕ್ಕೆಗಳೆಲ್ಲ 1ರ ಅಕ್ಕಪಕ್ಕ ಮಲಗಿರುತ್ತವೆ. 6.4 ಕೆಇವಿ ಹತ್ತಿರ ಮಾತ್ರ ಒಂದು ಮೊನೆ ಎದ್ದು ನಿಂತಿರುತ್ತದೆ. ಕಬ್ಬಿಣ! ಕಪ್ಪುಕುಳಿಯ ಪಕ್ಕದಿಂದ ಹೊರಟ ಎಕ್ಸ್-ರೇ ಸುತ್ತಲಿನ ಅನಿಲಕ್ಕೆ ಬಡಿದು, ಕಬ್ಬಿಣದ ಪರಮಾಣುವಿನ ತೀರಾ ಒಳಗಿನ ಎಲೆಕ್ಟ್ರಾನನ್ನು ಕಿತ್ತಿದೆ. ಮೇಲಿನದೊಂದು ಆ ಜಾಗಕ್ಕೆ ಇಳಿದಾಗ ಹೊಮ್ಮಿದ ಬೆಳಕು ಅದು. ಆ ಮೊನೆಗೇ ಗೆರೆ ಅನ್ನುವುದು. ಇವತ್ತಿಗೂ ಕಂಡರೆ ಖುಷಿ.

ಈಗ ದೂರು. ಮಾಡೆಲ್‌ಗೂ ಡೇಟಾಕ್ಕೂ ಇರುವ ವ್ಯತ್ಯಾಸವನ್ನು ತಗ್ಗುದಿಣ್ಣೆಯ ನೆಲ ಅಂದುಕೊಳ್ಳಿ, ತಗ್ಗು ಆಳವಾದಷ್ಟೂ ಫಿಟ್ ಒಳ್ಳೆಯದು. ಈ ಪ್ರೋಗ್ರಾಂ ಹತ್ತಿರದ ತಗ್ಗಿಗೆ ಇಳಿದು ಮುಗೀತು ಅಂದುಬಿಡುತ್ತದೆ. ಆಚೆ ಇನ್ನೂ ಆಳದ ತಗ್ಗಿದ್ದರೂ ನೋಡಲ್ಲ. ಒಮ್ಮೆ ನನ್ನ ಗೆರೆ ಅಗಲವಾಗಿ, ಕಡಿಮೆ ಶಕ್ತಿಯ ಕಡೆ ಬಾಲ ಬಿಟ್ಟುಕೊಂಡು ಬಂತು. 1995ರಲ್ಲಿ ಆಸ್ಕಾ ಉಪಗ್ರಹದ ಡೇಟಾದಿಂದ ಎಂಸಿಜಿ-6-30-15 ಎಂಬ ಗ್ಯಾಲಕ್ಸಿಯಲ್ಲಿ ಕಂಡದ್ದು ಅಂಥದ್ದೇ ಬಾಲ. ಕಪ್ಪುಕುಳಿಯ ತೀರಾ ಹತ್ತಿರ ಅದರ ಗುರುತ್ವ ಬೆಳಕಿನ ಶಕ್ತಿ ಕುಗ್ಗಿಸುವುದರಿಂದ ಅಂಥ ಬಾಲ ಬರುತ್ತದೆ. ಹಾಗಾಗಿ ಡಿಸ್ಕ್‌ನ (ಕಪ್ಪುಕುಳಿಯನ್ನು ಸುತ್ತುವ ಅನಿಲದ ತಟ್ಟೆ) ಒಳ ಅಂಚೇ ಸಿಕ್ಕಿತು ಅಂತ ಮೂರು ವಾರ ಕುಣಿದೆ. ಆಮೇಲೆ ಎರರ್ ಲೆಕ್ಕಕ್ಕೆ (ಉತ್ತರ ಎಷ್ಟು ಆಚೀಚೆ ಆಗಬಹುದು ಅಂತ) ರಾತ್ರಿಯಿಡೀ ಬಿಟ್ಟರೆ, ಬೆಳಿಗ್ಗೆ ಇನ್ನೂ ಒಳ್ಳೆ ಫಿಟ್ ಸಿಕ್ಕಿದೆ ಎಂಬ ಸಾಲು. ಅದರಲ್ಲಿ ಗೆರೆ ಸಣ್ಣಗಾಗಿತ್ತು. ಬಾಲದಂತೆ ಕಂಡದ್ದೆಲ್ಲ ದಾರಿಗಡ್ಡ ನಿಂತು ಬೆಳಕು ಹೀರಿದ ಅನಿಲದ ಮೋಡದ ಕೆಲಸ! ಅವತ್ತು ಕೇಳಿದ್ದರೆ ಐದಕ್ಕೆ ಒಂದು ನಕ್ಷತ್ರವೂ ಜಾಸ್ತಿ ಅನ್ನುತ್ತಿದ್ದೆ.

ತಪ್ಪು ಪೂರ್ತಿ ಪ್ರೋಗ್ರಾಂನದ್ದಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಹಳೇ ಸಿಸಿಡಿ (ಉಪಗ್ರಹದ ಕ್ಯಾಮೆರಾ ಚಿಪ್) ಡೇಟಾ ಆ ಗೆರೆಯನ್ನು 100 ಇವಿಗಿಂತ ಜಾಸ್ತಿ ಅಗಲಕ್ಕೆ ಹರಡಿಬಿಡುತ್ತದೆ. 2023ರಲ್ಲಿ ಹಾರಿದ ಕ್ರಿಸಂ ಉಪಗ್ರಹ ಸುಮಾರು 5 ಇವಿವರೆಗೆ ಬಿಡಿಸಿ ತೋರಿಸುತ್ತದೆ. ಅದು ಕೊಟ್ಟ ಎನ್‌ಜಿಸಿ 4151 ಎಂಬ ಗ್ಯಾಲಕ್ಸಿಯ ಡೇಟಾ ಹಾಕಿದ ದಿನ ನನ್ನ ಪರಿಚಯದ ಮೊನೆಯೇ ಇರಲಿಲ್ಲ. ಚೂಪಾದ ತುದಿ, ಅದರಡಿ ಅಗಲದ ಬುಡ, ಅದಕ್ಕೂ ಕೆಳಗೆ ಮತ್ತೂ ಅಗಲ. ಅನಿಲ ಕಪ್ಪುಕುಳಿಗೆ ಹತ್ತಿರವಾದಷ್ಟೂ ಜೋರಾಗಿ ಸುತ್ತುತ್ತದೆ, ಗೆರೆ ಹಿಗ್ಗುತ್ತದೆ. ದೂರದ ಟೋರಸ್ (ಧೂಳು, ಅನಿಲದ ದಪ್ಪ ಉಂಗುರ), ನಡುವಿನ ಬ್ರಾಡ್ ಲೈನ್ ಪ್ರದೇಶ (ವೇಗವಾಗಿ ಸುತ್ತುವ ಅನಿಲ), ಒಳಗಿನ ಡಿಸ್ಕ್, ಮೂರೂ ಒಂದೇ ಗೆರೆಯಲ್ಲಿ ಅಡಗಿ ಕೂತಿದ್ದವು.

ಮೂರು ಭಾಗ ಹಾಕಿ ಫಿಟ್ ಕೊಟ್ಟೆ. ಒಂದೇ ಏಟಿಗೆ ಕೂತಿತು. ನಂಬುವುದುಂಟಾ? ಹತ್ತು ಬೇರೆ ಬೇರೆ ಕಡೆಯಿಂದ ಶುರು ಮಾಡಿಸಿದ್ದೇನೆ. ಒಂಬತ್ತು ಅಲ್ಲಿಗೇ ಬಂದು ನಿಂತಿವೆ. ಹತ್ತನೆಯದು ಇನ್ನೂ ಓಡುತ್ತಿದೆ.