ಮಂಗನ ಕಾಯಿಲೆ: ಮೊಬೈಲ್ ಹೇಳಿದ್ದು, ಪೇಪರ್ ಹೇಳಿದ್ದು, ಬೆಟ್ಟದಲ್ಲಿ ಕಂಡದ್ದು

ಸಾಗರ ತಾಲ್ಲೂಕಿನ ನಮ್ಮ ಕಡೆ ಸಂಕ್ರಾಂತಿ ಕಳೆದರೆ ಎರಡೇ ಮಾತು. ಅಡಿಕೆ ರೇಟು ಎಷ್ಟು, ಮಂಗನ ಕಾಯಿಲೆ, ಅಂದರೆ ಕಾಡಿನ ಉಣುಗು (ರಕ್ತ ಹೀರುವ ಉಣ್ಣೆ) ಕಚ್ಚಿ ಬರುವ ಜ್ವರ, ಎಲ್ಲಿವರೆಗೆ ಬಂತು. ಈ ಎರಡನೆಯದನ್ನು ತಿಳಿದುಕೊಳ್ಳಲು ನಾನು ಮೂರು ದಾರಿ ಹಿಡಿದು ನೋಡಿದ್ದೇನೆ.

ಮೊದಲು ಮೊಬೈಲ್. 2019ರಲ್ಲಿ ಅರಳಗೋಡು ಸುತ್ತ ಕಾಯಿಲೆ ಜೋರಾದಾಗ ವಾಟ್ಸಾಪ್ ಗ್ರೂಪು, ಟಿವಿ ಎರಡನ್ನೂ ಬಿಡದೆ ನೋಡಿದೆ. ಹಾಲು ಕರೆಯುವ ಮೊದಲೇ ಎಷ್ಟು ಜನ ಆಸ್ಪತ್ರೆ ಸೇರಿದರು ಅಂತ ಗೊತ್ತಿರುತ್ತಿತ್ತು. ಯಾವ ಗುಡ್ಡದಲ್ಲಿ ಮಂಗ ಸತ್ತಿದೆ ಅನ್ನುವುದೂ ಗಂಟೆಯೊಳಗೆ ಬರುತ್ತಿತ್ತು. ಅದೊಂದರಲ್ಲಿ ಮೊಬೈಲನ್ನು ಮೀರಿಸುವುದು ಬೇರೆ ಇಲ್ಲ. ಆದರೆ ಅದೇ ಗ್ರೂಪಿನಲ್ಲಿ "ಕಾಯಿಲೆಯವರ ಮನೆಗೆ ಹೋಗಬೇಡಿ, ಅಂಟುತ್ತೆ" ಅಂತಲೂ ಬಂತು. ನಾವು ನಂಬಿದೆವು. ಜ್ವರ ಬಂದು ಮಲಗಿದ್ದ ನೆಂಟರ ಮನೆ ಕಡೆ ಒಂದು ತಿಂಗಳು ಯಾರೂ ಹೋಗಲಿಲ್ಲ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಅದು ನನಗೆ ಗೊತ್ತಾಗುವಷ್ಟರಲ್ಲಿ ಅವರು ಎದ್ದು ಓಡಾಡುತ್ತಿದ್ದರು. ಒಂದು ಚೊಂಬು ಗಂಜಿ ತಗೊಂಡು ಹೋಗದೆ ಇದ್ದದ್ದು ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ.

ಆಮೇಲೆ ಪೇಪರ್. ಜಿಲ್ಲಾ ಪುಟದಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಡಬ್ಬದಲ್ಲಿ ಹಾಕಿಟ್ಟೆ. ಗಾಬರಿ ಕಡಿಮೆಯಾಯಿತು. ಹಳೆಯ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದ್ದು, ಉಣುಗು ಹತ್ತದಂತೆ ಮೈಕೈಗೆ ಹಚ್ಚಿಕೊಳ್ಳಲು ಡೇಪಾ ಎಣ್ಣೆ ಕೊಡುವುದು, ಇದೆಲ್ಲ ಸರಿಯಾಗಿ ತಿಳಿದದ್ದು ಪೇಪರಿನಿಂದಲೇ. ಒಂದು ಮಳೆಗಾಲದಲ್ಲಿ ಆ ತುಂಡುಗಳನ್ನೆಲ್ಲ ಜಗಲಿ ಮೇಲೆ ಹರಡಿಕೊಂಡು ಕೂತೆ. ಎಲ್ಲ ವರ್ಷವೂ ಹೆಚ್ಚುಕಡಿಮೆ ಒಂದೇ ಲೆಕ್ಕ. ಡಿಸೆಂಬರ್ ಹೊತ್ತಿಗೆ ಶುರು, ಮಳೆ ಹಿಡಿದ ಕೂಡಲೇ ಬಂದ್. ಯಾಕೆ ಹೀಗೆ? ಡಬ್ಬದ ತುಂಬ ಸುದ್ದಿ ಇತ್ತು, ಇದಕ್ಕೆ ಉತ್ತರ ಇರಲಿಲ್ಲ.

ಮೂರನೆಯ ದಾರಿಗೆ ಒಂದು ವರ್ಷ ಹಿಡಿಯಿತು. ಆರೋಗ್ಯ ಇಲಾಖೆಯವರು ಉಣುಗು ಹಿಡಿಯಲು ನಾವು ಸೊಪ್ಪು, ಒಣ ಎಲೆ ತರುವ ಸೊಪ್ಪಿನಬೆಟ್ಟಕ್ಕೆ ಬಂದಿದ್ದರು. ಊರಿನ ಆಶಾ ಕಾರ್ಯಕರ್ತೆಯ ಜೊತೆ ನಾನೂ ಹೋದೆ. ಇಲಾಖೆಯವರು ಒಂದು ಬಿಳಿ ಬಟ್ಟೆಯನ್ನು ದರಗಿನ (ಉದುರಿದ ಒಣ ಎಲೆಗಳ) ಮೇಲೆ ಮೆಲ್ಲಗೆ ಎಳೆದರು. ತಿರುಗಿಸಿ ನೋಡಿದರೆ ಬಟ್ಟೆ ಮೇಲೆ ಸಣ್ಣ ಸಣ್ಣ ಚುಕ್ಕಿ. ಎಳ್ಳಿಗಿಂತ ಚಿಕ್ಕದು. ಮಣ್ಣಿನ ಕಣ ಅಂದುಕೊಂಡೆ. ಕಣ್ಣು ಹತ್ತಿರ ತಂದಾಗ ನಡೆಯುತ್ತಿದ್ದವು.

"ಅದು ಮರಿ ಅಣ್ಣಾ. ನಮಗೆ ಕಚ್ಚೋದು ಜಾಸ್ತಿ ಇದೇ" ಅಂದಳು ಆಕೆ.

ಪ್ರತಿ ಬೇಸಿಗೆ ನಾವು ಬರಿಗೈಯಲ್ಲಿ ಬಾಚಿ ಕೊಟ್ಟಿಗೆಗೆ ತರುವ ದರಗು ಅದು.

ಅಲ್ಲಿಂದ ಕೇಳುತ್ತಾ, ಓದುತ್ತಾ ಹೋದೆ. ಈ ಉಣುಗು ಮಳೆಗಾಲದಲ್ಲಿ ದೊಡ್ಡದಾಗಿರುತ್ತದೆ. ದನದ ಮೈಮೇಲೆ ರಕ್ತ ಕುಡಿದು, ಕೆಳಗೆ ಬಿದ್ದು, ದರಗಿನ ಅಡಿ ಮೊಟ್ಟೆ ಇಡುತ್ತದೆ. ಮಳೆ ಕಳೆದ ಮೇಲೆ ಮೊಟ್ಟೆಯೊಡೆದು ಹೊರಗೆ ಬಂದದ್ದು ಇಲಿ, ಹಕ್ಕಿ, ಮಂಗಗಳ ಮೈ ಹತ್ತುತ್ತದೆ. ಒಂದು ಸಲ ಪೊರೆ ಬಿಟ್ಟು, ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋದವರಿಗೆ ಕಚ್ಚುತ್ತದೆ. ಕಾಯಿಲೆಯ ಮುಸಿಯ (ಕಪ್ಪು ಮೋರೆಯ ಮಂಗ) ಸತ್ತು ಮೈ ತಣ್ಣಗಾದರೆ, ಮೈಮೇಲಿದ್ದ ಉಣುಗೆಲ್ಲ ಅಲ್ಲೇ ಉದುರುತ್ತದೆ. ಆ ಜಾಗಕ್ಕೆ ಹೋಗಬೇಡಿ ಅನ್ನುವುದು ಇದಕ್ಕೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ, ಆಫ್ರಿಕಾದ ಹಳದಿ ಜ್ವರ ಇಲ್ಲಿಗೂ ಬಂತೇನೋ ಅಂತ ಹೆದರಿದ್ದರಂತೆ. ಪುಣೆಯಿಂದ ಬಂದ ವಿಜ್ಞಾನಿಗಳು ಹುಡುಕಿ, ಇದು ಉಣುಗಿನಿಂದ ಬರುವ ಬೇರೆಯೇ ವೈರಸ್ ಅಂತ ಪತ್ತೆ ಮಾಡಿದರು.

ಇದು ತಿಳಿದ ಮೇಲೆ ಮನೆಯಲ್ಲಿ ಕೆಲಸ ಮಾಡುವ ರೀತಿ ಬದಲಾಯಿತು. ಮಂಗ ಸತ್ತ ಬೆಟ್ಟದ ದರಗು ಆ ವರ್ಷ ಮುಟ್ಟುವುದಿಲ್ಲ. ಉಳಿದ ಕಡೆ ಹೋಗುವಾಗ ಮೈ ತುಂಬ ಬಟ್ಟೆ, ಎಣ್ಣೆ. ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಇವೆಲ್ಲ ಪೇಪರಿನಲ್ಲೂ ಬಂದಿದ್ದವು. ಆದರೆ ಆ ಬಿಳಿ ಬಟ್ಟೆ ನೋಡುವವರೆಗೆ ನಾನು ಒಂದು ದಿನವೂ ಪಾಲಿಸಿರಲಿಲ್ಲ.

ಮೊಬೈಲ್ ಬಿಟ್ಟಿಲ್ಲ. ಮಂಗ ಸತ್ತ ಸುದ್ದಿಗೆ ಅದೇ ಬೇಕು. ಪೇಪರಿಗೆ ದಿನಕ್ಕೆ ಹತ್ತು ನಿಮಿಷ. ಆದರೆ ಒಂದನ್ನೇ ಆರಿಸಿಕೊಳ್ಳಿ ಅಂದರೆ ನಾನು ಬೆಟ್ಟದಲ್ಲಿ ಕಳೆದ ಆ ಬೆಳಿಗ್ಗೆಯನ್ನೇ ಆರಿಸುತ್ತೇನೆ.

ಈಗ ಆಗಸ್ಟ್, ಜಡಿಮಳೆ. ಕಾಯಿಲೆ ಬಗ್ಗೆ ಎಲ್ಲೂ ಒಂದು ಸಾಲು ಇಲ್ಲ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಗೌರಿಯ ಕಿವಿ ಹಿಂದೆ ಕೈ ಆಡಿಸಿದೆ. ನಾಲ್ಕು ಉಣುಗು ಸಿಕ್ಕವು, ರಕ್ತ ಕುಡಿದು ಉಬ್ಬಿದ್ದವು. ಎಲ್ಲ ಉಣುಗೂ ಈ ಕಾಯಿಲೆ ತರುವ ಜಾತಿಯದಲ್ಲ. ಆದರೂ ಮಧ್ಯಾಹ್ನ ಪಶು ಆಸ್ಪತ್ರೆಗೆ ಹೋಗಿ ಔಷಧಿ ತರಬೇಕು.