ಹಳೇ ಕಾರಿನ ಪಿಕಪ್ ಬಿದ್ದಿದೆಯಾ? ಎಂಜಿನ್ ಬಿಚ್ಚಿಸುವ ಮುಂಚೆ ಸೈಲೆನ್ಸರ್ ಪೈಪ್ ನೋಡಿಸಿ

ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಹಳೇ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ನನ್ನ ಕಾರಿನ ಸೈಲೆನ್ಸರ್ ತುಕ್ಕು ಹಿಡಿದಿತ್ತು. ಅದನ್ನು ತೆಗೆಸಿ ಪೂರ್ತಿ ಹೊಸ ಪೈಪ್ ಹಾಕಿಸಿದೆ. ನೋಡೋಕೆ ಚೆನ್ನಾಗಿತ್ತು, ಸದ್ದೂ ಕಡಿಮೆ. ಆದರೆ ಅವತ್ತಿನಿಂದ ಪಿಕಪ್ ಮಾಯ. ಐಡಲ್‌ನಲ್ಲಿ ತೊಂದರೆ ಇಲ್ಲ, ನಿಧಾನಕ್ಕೆ ಹೋದರೂ ಸರಿ. ಏರು ಬಂದಾಗ ಆಕ್ಸಿಲರೇಟರ್ ಒತ್ತಿದರೆ ಮಾತ್ರ ಮೂಗು ಕಟ್ಟಿದವನು ಓಡಿದ ಹಾಗೆ ಏದುಸಿರು. ಎಂಜಿನ್ ಬಿಸಿಯೂ ಜಾಸ್ತಿ.

ಪೈಪ್ ಹಾಕಿದ ವರ್ಕ್‌ಶಾಪಿನವರು ತಮ್ಮ ಕೆಲಸದ ಕಡೆ ನೋಡಲೇ ಇಲ್ಲ. "ಹೊಸ ಪೈಪ್ ಸಾರ್, ಅದರಲ್ಲೇನಿರುತ್ತೆ" ಅಂದರು. ಕಿಡಿ ಹಾರಿಸುವ ಇಗ್ನಿಶನ್‌ನ ಪಾಯಿಂಟ್, ಕಂಡೆನ್ಸರ್ ಬದಲಾಯಿಸಿದರು. ಆಮೇಲೆ ಕಾರ್ಬ್ಯುರೇಟರ್ ಕಿಟ್. ಕೊನೆಗೆ ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಬಿಚ್ಚಿ ಸಿಲಿಂಡರ್ ಬೋರ್ ಮಾಡಿಸಲೇಬೇಕು (ಒಳಗೋಡೆ ಕೊರೆಸಬೇಕು) ಅಂದರು. ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಯದೆಯೇ! ಬಿಲ್ ಮಾತ್ರ ಪ್ರತಿ ಸಲವೂ ಬಂತು.

ಬೇರೊಬ್ಬ ಮೆಕ್ಯಾನಿಕ್ ಇಂಟೇಕ್ ಮ್ಯಾನಿಫೋಲ್ಡಿಗೆ (ಮಿಶ್ರಣ ಸಿಲಿಂಡರ್‌ಗಳಿಗೆ ಹೋಗುವ ಕೊಳವೆ) ವ್ಯಾಕ್ಯೂಮ್ ಗೇಜ್, ಅಂದರೆ ಒಳಗಿನ ಎಳೆತ ಅಳೆಯುವ ಮೀಟರ್ ಹಾಕಿದರು. ಐಡಲ್‌ನಲ್ಲಿ ಮುಳ್ಳು 18 ಇಂಚಿನ (ಪಾದರಸದ ಅಳತೆ) ಹತ್ತಿರ ನಿಂತಿತ್ತು. 2500 ಆರ್‌ಪಿಎಂಗೆ ಏರಿಸಿ ಹಿಡಿದಾಗ ಮೆಲ್ಲಗೆ ಇಳಿಯುತ್ತಾ ಹೋಯಿತು. ಎಕ್ಸಾಸ್ಟ್ ಕಟ್ಟಿಕೊಂಡಿದ್ದರೆ ಹೀಗೇ ಆಗೋದು. ಸುಟ್ಟ ಗ್ಯಾಸ್ ಸಿಲಿಂಡರ್‌ನಲ್ಲೇ ಉಳಿದರೆ ಹೊಸ ಮಿಶ್ರಣಕ್ಕೆ ಜಾಗ ಎಲ್ಲಿರುತ್ತೆ? ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸುಟ್ಟ ಗ್ಯಾಸ್ ಎಂಜಿನ್‌ನಿಂದ ಹೊರಬರುವ ಕೊಳವೆ) ಹತ್ತಿರದ ಪೈಪ್ ಜಾಯಿಂಟ್ ಬಿಚ್ಚಿ ಮತ್ತೆ ರೇಸ್ ಮಾಡಿದರು. ಈ ಸಲ ಮುಳ್ಳು ಇಳಿಯಲಿಲ್ಲ. (ಇದನ್ನು ಬಯಲಲ್ಲೇ ಮಾಡಿ. ಮುಚ್ಚಿದ ಗ್ಯಾರೇಜಿನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತೆ, ಅದಕ್ಕೆ ವಾಸನೆಯೂ ಇರಲ್ಲ.)

ಪೈಪ್ ಇಳಿಸಿ ಅಳೆದರೆ ವಿಷಯ ಗೊತ್ತಾಯಿತು. ಮೂಲ ಪೈಪಿನ ಒಳಗಿನ ಅಗಲ 50 ಮಿ.ಮೀ. ಇವರು ಹಾಕಿದ್ದು 38. ಹನ್ನೆರಡು ಮಿ.ಮೀ. ತಾನೇ ಅನ್ನಬೇಡಿ, ಗ್ಯಾಸ್ ಹೋಗುವ ದಾರಿ ಶೇ. 40ಕ್ಕಿಂತ ಜಾಸ್ತಿ ಕಮ್ಮಿಯಾಗುತ್ತದೆ. ಸಾಲದ್ದಕ್ಕೆ ಹಿಂದಿನ ಆಕ್ಸಲ್ ಮೇಲೆ ಬಳಸಿ ಹೋಗುವ ಬೆಂಡ್ ಚಪ್ಪಟೆಯಾಗಿತ್ತು. ಒಳಗೆ ಮ್ಯಾಂಡ್ರೆಲ್ (ಬಗ್ಗಿಸುವಾಗ ಪೈಪ್ ಚಪ್ಪಟೆಯಾಗದ ಹಾಗೆ ತೂರಿಸುವ ಅಚ್ಚು) ಕೊಡದೆ ಸುಮ್ನೆ ಒತ್ತಿ ಬಗ್ಗಿಸಿದ್ದರು.

ಹಳೇ ಪೈಪೇ ಇದ್ದರೂ ನಂಬಿಕೊಂಡು ಕೂರಬೇಡಿ. ಎರಡು ಪದರದ ಪೈಪಿನಲ್ಲಿ ಒಳಪದರ ಕುಸಿದು ದಾರಿ ಮುಚ್ಚಬಹುದು, ಹೊರಗಿನಿಂದ ಏನೂ ಕಾಣಲ್ಲ. ಸೈಲೆನ್ಸರ್ ಒಳಗಿನ ತಗಡು ಕಳಚಿ ಬಾಯಿಗೆ ಅಡ್ಡ ಕೂರುವುದೂ ಉಂಟು. ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಹೀಟ್ ರೈಸರ್ ವಾಲ್ವ್ (ತಣ್ಣಗಿನ ಎಂಜಿನ್ ಬೇಗ ಬಿಸಿಯಾಗಲು ಗ್ಯಾಸ್ ತಿರುಗಿಸುವ ಬಾಗಿಲು) ಇರುವ ಕಾರಾದರೆ, ಅದು ತುಕ್ಕು ಹಿಡಿದು ಮುಚ್ಚಿಕೊಂಡೇ ಇದೆಯಾ ಅಂತ ಕೈಯಿಂದ ತಿರುಗಿಸಿ ನೋಡಿ. ಎಂಜಿನ್ ತಣ್ಣಗಿದ್ದಾಗ ಮಾತ್ರ.

ದಪ್ಪ ಪೈಪ್ ಹಾಕಿಸಿ, ಪವರ್ ಏರುತ್ತೆ ಅನ್ನೋರ ಮಾತನ್ನೂ ಕೇಳಬೇಡಿ. ಪೈಪ್ ತೀರಾ ದೊಡ್ಡದಾದರೆ ಗ್ಯಾಸಿನ ವೇಗ ಬೀಳುತ್ತದೆ, ಕಡಿಮೆ ಆರ್‌ಪಿಎಂನಲ್ಲಿ ಎಳೆತ ಹೋಗುತ್ತದೆ. ಮೂಲ ಅಳತೆಯನ್ನೇ ಬರೆದು ಕೊಡಿ. ಬೆಂಡ್‌ಗಳನ್ನು ಫಿಟ್ ಮಾಡುವ ಮುಂಚೆಯೇ ನೋಡಿ. ದುಡ್ಡು ಕೊಡುವ ಮೊದಲು ಅವರೆದುರೇ ವ್ಯಾಕ್ಯೂಮ್ ಗೇಜ್ ಹಾಕಿಸಿ.