ಡ್ಯುಪಿಲುಮ್ಯಾಬ್ ಪೆನ್: ಒಳ್ಳೆಯ ಔಷಧ, ಕಿರಿಕಿರಿಯ ಶೈತ್ಯ

ಡ್ಯುಪಿಲುಮ್ಯಾಬ್ ಆಸ್ತಮಾಕ್ಕೆ ಪೆನ್‌ನಿಂದ ಚುಚ್ಚಿಕೊಳ್ಳುವ ಔಷಧ. ಅಲರ್ಜಿ ಆಸ್ತಮಾದಲ್ಲಿ ಇಂಟರ್‌ಲ್ಯೂಕಿನ್-4 (ರೋಗನಿರೋಧಕ ಕೋಶಗಳ ಸಂದೇಶವಾಹಕ ಪ್ರೋಟೀನ್) ಅಲರ್ಜಿಯ ಪ್ರತಿಕಾಯವಾದ ಐಜಿಇ ಉತ್ಪಾದನೆಗೆ ಕುಮ್ಮಕ್ಕು ಕೊಡುತ್ತದೆ. ಇಂಟರ್‌ಲ್ಯೂಕಿನ್-13 ಶ್ವಾಸನಾಳದಲ್ಲಿ ಲೋಳೆ ಹೆಚ್ಚಿಸಿ, ನಾಳ ಸಣ್ಣ ಧೂಳಿಗೂ ಬಿಗಿಯುವಂತೆ ಮಾಡುತ್ತದೆ. ಎರಡಕ್ಕೂ ಬೇಕಾದ ಗ್ರಾಹಕದ (ಕೋಶದ ಮೇಲೆ ಸಂದೇಶ ಹಿಡಿಯುವ ರಿಸೆಪ್ಟರ್) ಆಲ್ಫಾ ಭಾಗವನ್ನೇ ಡ್ಯುಪಿಲುಮ್ಯಾಬ್ ಮುಚ್ಚುತ್ತದೆ. ಒಂದೇ ಬೀಗದ ಬಾಯಿ ಮುಚ್ಚಿದರೆ ಎರಡೂ ಕೀಲಿ ನಿಷ್ಪ್ರಯೋಜಕ. ಇದರ ನಿಜವಾದ ಜಾಣತನ ಇದೇ. ಇಂಟರ್‌ಲ್ಯೂಕಿನ್-5 ಒಂದನ್ನೇ ತಡೆಯುವ, ಆಸ್ತಮಾದ ಇನ್ನೊಂದು ಚುಚ್ಚುಮದ್ದು ಮೆಪೊಲಿಜುಮ್ಯಾಬ್‌ಗೆ ಈ ಹರವು ಇಲ್ಲ. ಆದರೆ ಅದು ನಾಲ್ಕು ವಾರಕ್ಕೊಮ್ಮೆ ಸಾಕು, ಇದು ಎರಡು ವಾರಕ್ಕೊಮ್ಮೆ.

ವಯಸ್ಕರಿಗೆ ಸಾಮಾನ್ಯವಾಗಿ ಮೊದಲು 400 ಮಿ.ಗ್ರಾಂ, ಆಮೇಲೆ 200. ಸ್ಟೀರಾಯ್ಡ್ ಮಾತ್ರೆಯ ಮೇಲೆಯೇ ಇರುವವರಿಗೆ 600, ನಂತರ 300.

ಪೆನ್ ಬಳಕೆ ಸುಲಭ, ಎಡವಟ್ಟೂ ಸುಲಭ. 200ರ ಪೆನ್ನನ್ನು ಫ್ರಿಜ್‌ನಿಂದ ತೆಗೆದು 30 ನಿಮಿಷ, 300ರದನ್ನು 45 ನಿಮಿಷ ಹಾಗೇ ಇಡಬೇಕು. ತಣ್ಣಗಿದ್ದಾಗ ಚುಚ್ಚಿದರೆ ಉರಿ ಜಾಸ್ತಿ. ಬಿಸಿನೀರಿಗೆ ಹಾಕಬಾರದು, ಕುಲುಕಬಾರದು. ತೊಡೆ ಅಥವಾ ಹೊಟ್ಟೆ ಸರಿ, ಹೊಕ್ಕುಳ ಸುತ್ತ 5 ಸೆಂ.ಮೀ. ಬಿಟ್ಟು. ಪೆನ್ನಿನ ಪಾರದರ್ಶಕ ಕಿಟಕಿ ಪೂರ್ತಿ ಹಳದಿಯಾಗುವ ಮೊದಲೇ ಎತ್ತಿದರೆ ಔಷಧ ಚರ್ಮದ ಮೇಲೆ ಸುರಿದು ಡೋಸ್ ಹಾಳು.

ದೊಡ್ಡ ತಲೆನೋವು ಸಂಗ್ರಹ: 2ರಿಂದ 8 ಡಿಗ್ರಿ. ಹೊರಗೆ 25 ಡಿಗ್ರಿವರೆಗೆ ಹೆಚ್ಚೆಂದರೆ 14 ದಿನ. ಕಲಬುರಗಿಯ ಏಪ್ರಿಲ್‌ನಲ್ಲಿ ಆ 25 ಎಲ್ಲಿ ಸಿಗುತ್ತದೆ? ಹೆಪ್ಪುಗಟ್ಟಿದ್ದರೆ ಎಸೆಯುವುದೇ.

ಉಬ್ಬಸ ಏರಿದ ಹೊತ್ತಿಗೆ ಇದು ಉಪಯೋಗಕ್ಕೆ ಬಾರದು, ಇನ್‌ಹೇಲರ್ ಕೈಯಲ್ಲೇ ಇರಲಿ. ಸ್ಟೀರಾಯ್ಡ್ ಅನ್ನು ವೈದ್ಯರ ಮಾತಿಲ್ಲದೆ ದಿಢೀರ್ ನಿಲ್ಲಿಸಬಾರದು. ಜಂತುಹುಳು ಇದ್ದರೆ ಮೊದಲು ಅದಕ್ಕೆ ಮದ್ದು.